ಕಡತದಿಂದ ಸರ್ವರ್‌ವರೆಗೆ: ನಮ್ಮ ಪಹಣಿಯನ್ನು ಓದೋರು ಯಾರು, ಬರೆಯೋರು ಯಾರು?

ಇವತ್ತಿನ ಮಾತು ಪಹಣಿಯ ಬಗ್ಗೆ.

ಪುಣೆ, ಹೈದರಾಬಾದ್, ಚೆನ್ನೈ, ದೆಹಲಿ, ಹೀಗೆ ಎಲ್ಲೇ ಕೆಲಸಕ್ಕಿದ್ದರೂ ನಮ್ಮಲ್ಲಿ ಬಹಳ ಜನರಿಗೆ ಊರ ಕಡೆ ಒಂದೆರಡು ಎಕರೆ ಜಮೀನು ಇರುತ್ತೆ. ಅಪ್ಪನ ಹೆಸರಲ್ಲೋ, ಅಜ್ಜನ ಹೆಸರಲ್ಲೋ, ಅಣ್ಣತಮ್ಮಂದಿರ ಜಂಟಿ ಖಾತೆಯಲ್ಲೋ ಇರುತ್ತೆ. ಈಗ ಫೋನ್ ತೆಗೆದು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಹಾಕಿದರೆ ಆಯ್ತು. ಮಾಲೀಕರ ಹೆಸರು, ವಿಸ್ತೀರ್ಣ, ಬ್ಯಾಂಕಿನ ಸಾಲ ಎಲ್ಲ ಪರದೆ ಮೇಲೆ ಬರುತ್ತೆ. ನಮ್ಮದನ್ನು ನಾವು ನೋಡೋ ಹಾಗೇ ಪಕ್ಕದ ಹೊಲದವರದನ್ನೂ ನೋಡಬಹುದು. ಅವರೂ ನಮ್ಮದನ್ನು ನೋಡಬಹುದು. ನಮಗೆ ಪರಿಚಯವೇ ಇಲ್ಲದವರೂ ನೋಡಬಹುದು.

ಇದನ್ನ ಬರೀ ಸೌಲಭ್ಯ ಅಂದುಕೊಂಡು ಮುಂದೆ ಹೋಗ್ತೀವಿ. ಆದರೆ ಇದರ ಹಿಂದೆ ಇನ್ನೂರು ವರ್ಷದ ಕಥೆ ಇದೆ. ನಿಮ್ಮ ಕೆಲಸದ ಭಾಷೆಯಲ್ಲೇ ಹೇಳೋದಾದರೆ, ಅದು ರೀಡ್ ಆಕ್ಸೆಸ್ ಮತ್ತು ರೈಟ್ ಆಕ್ಸೆಸ್ ಕಥೆ. ಜಮೀನಿನ ಪುಸ್ತಕವನ್ನು ಓದೋ ಅಧಿಕಾರ ಊರಿನ ಒಬ್ಬ ಮನುಷ್ಯನ ಕೈಯಿಂದ ಇಡೀ ಲೋಕಕ್ಕೆ ಬಂತು. ಬರೆಯೋ ಅಧಿಕಾರ ಮಾತ್ರ ಊರಿಂದ ದೂರ ದೂರ ಹೋಗ್ತಾ ಇದೆ. ಇವೆರಡರ ನಡುವೆ ನಾವೆಲ್ಲಿ ನಿಂತಿದ್ದೀವಿ ಅನ್ನೋದೇ ಇವತ್ತಿನ ಪ್ರಶ್ನೆ.

ಕಪ್ಪು ಬಟ್ಟೆಯ ಪುಸ್ತಕ

ಕಡತ ಅಂದರೆ ಇವತ್ತು ನಮಗೆ ಆಫೀಸಿನ ಫೈಲು. "ಕಡತ ವಿಲೇವಾರಿ" ಅಂತ ಪತ್ರಿಕೆಯಲ್ಲಿ ಓದ್ತೀವಿ. ಹಿಂದೆ ಕಡತ ಅಂದರೆ ನಿಜಕ್ಕೂ ಬಟ್ಟೆ. ಉದ್ದನೆಯ ಹತ್ತಿ ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಒಣಗಿಸೋರು. ಬಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿ ಕಪ್ಪಾಗೋದು. ಅದನ್ನು ಬೀಸಣಿಗೆ ಥರ ಮಡಚಿ, ಬಳಪದಲ್ಲಿ ಬರೆಯೋರು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸ ಗ್ರಂಥದಲ್ಲಿ ಈ ಕಡತವನ್ನು ವಿವರವಾಗಿ ವರ್ಣಿಸಿದ್ದಾನೆ. ಶೃಂಗೇರಿ ಮಠದ ಹಳೆಯ ಕಡತಗಳು ಇವತ್ತಿಗೂ ಇತಿಹಾಸಕಾರರಿಗೆ ದೊಡ್ಡ ಆಕರ.

ಕಡತದ ಒಂದು ಗುಣ ಗಮನಿಸಿ. ಅದು ಬಹಳ ಕಾಲ ಬಾಳುತ್ತೆ. ಆದರೆ ಒರೆಸಿ ಮತ್ತೆ ಬರೆಯೋಕೂ ಬರುತ್ತೆ. ಹಳೆಯ ಅಕ್ಷರ ಏನಿತ್ತು ಅನ್ನೋದಕ್ಕೆ ಗುರುತು ಉಳಿಯೋದು ಕಷ್ಟ.

ಊರಿನ ಲೆಕ್ಕದ ಕಡತ ಇರ್ತಿದ್ದಿದ್ದು ಶಾನುಭೋಗರ ಹತ್ತಿರ. ಅದು ವಂಶಪಾರಂಪರ್ಯದ ಹುದ್ದೆ. ಯಾರ ಹೊಲ ಎಲ್ಲಿಂದ ಎಲ್ಲೀವರೆಗೆ, ಯಾರು ಉಳ್ತಾರೆ, ಎಷ್ಟು ಕಂದಾಯ ಬಾಕಿ, ಇದೆಲ್ಲ ಅವರಿಗೆ ಗೊತ್ತು. ಲೆಕ್ಕವನ್ನು ಎಷ್ಟೋ ಕಡೆ ಮೋಡಿ ಅಕ್ಷರದಲ್ಲಿ ಬರೆಯೋರು. ಓದು ಬರಹ ಬಂದವರಿಗೂ ಅದು ಸುಲಭಕ್ಕೆ ದಕ್ಕೋದಲ್ಲ. ಇನ್ನು ಶಾಲೆಯ ಮುಖ ನೋಡದ ರೈತನ ಪಾಡೇನು? ಪುಸ್ತಕ ಕಣ್ಣೆದುರೇ ಇದ್ದರೂ ಅವನ ಪಾಲಿಗೆ ಅದು ಬೀಗ ಹಾಕಿದ ಪೆಟ್ಟಿಗೆ.

ಹಾಗಂತ ಶಾನುಭೋಗರೆಲ್ಲ ಕೆಟ್ಟವರು ಅಂತಲ್ಲ. ಊರಿನ ನೆನಪು ಇದ್ದಿದ್ದು ಅವರಲ್ಲಿ. ಮೂರು ತಲೆಮಾರಿನ ಪಾಲುಪಾರಿಕೆ ಬಾಯಲ್ಲೇ ಹೇಳೋರು. ಆದರೆ ಓದೋ ಅಧಿಕಾರ, ಬರೆಯೋ ಅಧಿಕಾರ ಎರಡೂ ಒಬ್ಬರ ಕೈಯಲ್ಲೇ ಇದ್ದರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

19ನೇ ಶತಮಾನದಲ್ಲಿ ಬ್ರಿಟಿಷರ ಸರ್ವೆ ಬಂತು. 33 ಅಡಿಯ ಸರಪಳಿ ಹಿಡಿದು ಹೊಲ ಅಳೆದರು. ಆ ಸರಪಳಿ ಉದ್ದ, ಅಷ್ಟೇ ಅಗಲ ಇದ್ದರೆ ಒಂದು ಗುಂಟೆ, ಅಂದರೆ 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ನಾವು ಇವತ್ತಿಗೂ ಬಳಸೋ ಲೆಕ್ಕ ಇದೇ. "ಹುಣಸೆಮರದ ಹೊಲ", "ಕೆರೆ ಹಿಂದಿನ ಗದ್ದೆ" ಅಂತಿದ್ದ ಜಾಗಕ್ಕೆ ನಂಬರ್ ಬಿತ್ತು. ಊರಿಗೇ ಬರದವನೂ ಎಲ್ಲೋ ಕೂತು ಆ ಜಾಗವನ್ನು ಗುರುತಿಸೋ ಹಾಗಾಯ್ತು. ಇವತ್ತು ನಾವು ಫೋನಿನಲ್ಲಿ ಹಾಕೋ ಸರ್ವೆ ನಂಬರಿನ ಬೇರು ಅಲ್ಲಿದೆ.

ಒಂದು ಕಾಲಂ, ಒಂದು ಬದುಕು

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂತು. ಶಾನುಭೋಗ, ಪಟೇಲ ಮುಂತಾದ ವಂಶಪಾರಂಪರ್ಯದ ಹುದ್ದೆಗಳು ಹೋದವು. ಸಂಬಳ ಪಡೆಯೋ, ವರ್ಗಾವಣೆ ಆಗೋ ಗ್ರಾಮ ಲೆಕ್ಕಿಗರು ಬಂದರು. 1964ರಲ್ಲಿ ಭೂಕಂದಾಯ ಕಾಯ್ದೆ ಬಂತು. ನಾವು ಪಹಣಿ ಅಂತಲೂ ಆರ್‌ಟಿಸಿ ಅಂತಲೂ ಕರೆಯೋ ದಾಖಲೆ ನಿಂತಿರೋದು ಈ ಕಾಯ್ದೆಯ ಮೇಲೆ.

ಆ ಕಾಯ್ದೆಯ 133ನೇ ಕಲಂ ನಾವೆಲ್ಲ ತಿಳಿದುಕೊಂಡಿರಬೇಕು. ಪಹಣಿಯಲ್ಲಿ ಇರೋದನ್ನು ಬೇರೆ ರೀತಿ ಸಾಬೀತಾಗೋವರೆಗೆ ನಿಜ ಅಂತ ಭಾವಿಸಬೇಕು ಅನ್ನುತ್ತೆ ಅದು. "ಭಾವಿಸಬೇಕು" ಅನ್ನೋ ಮಾತಿನ ಮೇಲೆ ಗಮನ ಇರಲಿ. ನಮ್ಮ ದೇಶದಲ್ಲಿ ಪಹಣಿ ಅನ್ನೋದು ಮಾಲೀಕತ್ವದ ಕೊನೆಯ ಮಾತಲ್ಲ. ಕ್ರಯಪತ್ರ, ವಿಭಾಗ ಪತ್ರ, ಉಯಿಲು, ಕೋರ್ಟಿನ ಡಿಕ್ರಿ, ಇವುಗಳಿಂದ ಬರೋದು ಹಕ್ಕು. ಪಹಣಿ ಆ ಹಕ್ಕಿನ ನೆರಳು. ಆದರೆ ಸಾಲ ಕೊಡೋ ಬ್ಯಾಂಕು, ಪರಿಹಾರ ಕೊಡೋ ಸರ್ಕಾರ, ಕೊಳ್ಳೋಕೆ ಬರೋ ಗಿರಾಕಿ ಮೊದಲು ಕೇಳೋದು ಆ ನೆರಳನ್ನೇ.

ಆ ನೆರಳಿಗೆ ಎಷ್ಟು ಬಲ ಅಂತ ಕರ್ನಾಟಕ ನೋಡಿದ್ದು 1974ರಲ್ಲಿ. ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಆ ವರ್ಷದ ಮಾರ್ಚ್ 1ರಿಂದ ಜಾರಿಯಾಯ್ತು. "ಉಳುವವನೇ ಹೊಲದೊಡೆಯ" ಅನ್ನೋ ಘೋಷಣೆ. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಕೊಡಬೇಕು, ಭೂನ್ಯಾಯ ಮಂಡಳಿ ತೀರ್ಮಾನ ಮಾಡುತ್ತೆ. ಮಂಡಳಿಯ ಮುಂದೆ ನಿಂತ ಗೇಣಿದಾರನ ಕೈಯಲ್ಲಿ ಇರಬಹುದಾಗಿದ್ದ ದೊಡ್ಡ ಸಾಕ್ಷಿ ಯಾವುದು? ಪಹಣಿಯ 12ನೇ ಕಾಲಂ. ಸಾಗುವಳಿದಾರ ಯಾರು ಅಂತ ಬರೆಯೋ ಜಾಗ. ಅಲ್ಲಿ ಹೆಸರಿದ್ದವನ ವಾದಕ್ಕೆ ಬಲ ಬಂತು. ಮೂವತ್ತು ವರ್ಷ ಉತ್ತರೂ ಹೆಸರು ಬರದೇ ಇದ್ದವನು ಪಕ್ಕದವರ ಬಾಯಿಮಾತಿನ ಸಾಕ್ಷಿ ಹುಡುಕಬೇಕಾಯ್ತು. ಗೇಣಿದಾರನ ಹೆಸರು ಆ ಕಾಲಂಗೆ ಬರದ ಹಾಗೆ ಮೊದಲೇ ನೋಡಿಕೊಂಡ ಮಾಲೀಕರೂ ಇದ್ದರು.

ನಾವು ಡೇಟಾ ಅಂತ ಇವತ್ತು ಹಗುರವಾಗಿ ಹೇಳ್ತೀವಲ್ಲ, ಅದರ ತೂಕ ಇದು. ಒಂದು ಸಾಲಿನ ನಮೂದು ಒಂದು ಮನೆತನವನ್ನು ನಿಲ್ಲಿಸಬಹುದು, ಬೀಳಿಸಬಹುದು. ಕಂಪ್ಯೂಟರ್ ಬರೋಕೆ ಮೊದಲೂ ಹೀಗೇ ಇತ್ತು.

ಭೂಮಿ ಬಂತು

ಭೂದಾಖಲೆ ಗಣಕೀಕರಣಕ್ಕೆ ಕೇಂದ್ರ ಸರ್ಕಾರದ ಯೋಜನೆ ಶುರುವಾಗಿದ್ದು 1988-89ರಲ್ಲಿ. ಅದನ್ನು ರಾಜ್ಯದ ಎಲ್ಲ ತಾಲ್ಲೂಕುಗಳಿಗೂ ಮುಟ್ಟಿಸಿ ತೋರಿಸಿದ ಮೊದಲಿಗರಲ್ಲಿ ಕರ್ನಾಟಕ ಒಂದು. ಈ ಶತಮಾನದ ಮೊದಲ ವರ್ಷಗಳಲ್ಲಿ ಬಂದ ಆ ಯೋಜನೆಯ ಹೆಸರು "ಭೂಮಿ". ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಇದರ ಮುಂದಾಳು, ತಂತ್ರಾಂಶ ಎನ್‌ಐಸಿಯದು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದರು. ಆವರೆಗೆ ಈ ಪುಸ್ತಕಗಳು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿ ಹಂಚಿಹೋಗಿದ್ದವು.

ಅದಕ್ಕೆ ಮೊದಲು ಪಹಣಿ ಬೇಕು ಅಂದರೆ ಲೆಕ್ಕಿಗರು ಎಲ್ಲಿದ್ದಾರೆ ಅಂತ ಹುಡುಕಿಕೊಂಡು ಹೋಗಬೇಕು. ಅವರು ಸಿಕ್ಕ ದಿನ ಪುಸ್ತಕ ಸಿಗಲ್ಲ, ಪುಸ್ತಕ ಸಿಕ್ಕ ದಿನ ಅವರಿಗೆ ಪುರುಸೊತ್ತಿಲ್ಲ. ಕೈ ಬೆಚ್ಚಗೆ ಮಾಡಿದರೆ ಪುರುಸೊತ್ತು ಸಿಗ್ತಿತ್ತು. ಭೂಮಿ ಬಂದ ಮೇಲೆ ತಾಲ್ಲೂಕು ಕಚೇರಿ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬಂತು. ಕೌಂಟರಿನಲ್ಲಿ ಎರಡನೇ ಪರದೆಯನ್ನು ರೈತನ ಕಡೆ ತಿರುಗಿಸಿ ಇಟ್ಟಿದ್ದರು, ಒಳಗೆ ಏನು ನಡೀತಿದೆ ಅಂತ ಅವನಿಗೂ ಕಾಣಲಿ ಅಂತ. ಸಣ್ಣ ವಿಷಯ. ಆದರೆ ಮೋಡಿ ಅಕ್ಷರದ ಕಾಲದಿಂದ ನೋಡಿದರೆ ಇದು ದೊಡ್ಡ ತಿರುವು.

ಬರೆಯೋ ಕಡೆಯೂ ಬದಲಾಯ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸಾಲಿನಲ್ಲೇ ತೆಗೆದುಕೊಳ್ಳಬೇಕು, ಬೇಕಾದವರದನ್ನು ಮುಂದೆ ಹಾಕೋ ಹಾಗಿಲ್ಲ. ಅಧಿಕಾರಿ ಬೆರಳಚ್ಚು ಕೊಟ್ಟೇ ಲಾಗಿನ್ ಆಗಬೇಕು. ಹಾಗಾಗಿ ಯಾರು, ಯಾವಾಗ ಬದಲಾಯಿಸಿದರು ಅನ್ನೋದಕ್ಕೆ ದಾಖಲೆ ಉಳಿಯುತ್ತೆ. ಒರೆಸಿದರೆ ಗುರುತೇ ಇಲ್ಲದ ಕಡತ ಎಲ್ಲಿ, ಇದೆಲ್ಲಿ! ಕೈಬರಹದ ಪಹಣಿಗೆ ಮಾನ್ಯತೆಯೇ ಇಲ್ಲ ಅಂತ ಸರ್ಕಾರ ಸಾರಿತು.

ಇದು ನಿಜವಾದ ಸಾಧನೆ. ಇದನ್ನು ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕು.

ಪುಸ್ತಕದ ಜೊತೆ ಹೋಗಿದ್ದೇನು?

2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಭೂಮಿ ಯೋಜನೆ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಎಲ್ಲರೂ ಹೊಗಳ್ತಿದ್ದಾಗ ಅವರು ಬೇರೆ ಮಾತು ಹೇಳಿದರು. ದಾಖಲೆ ಊರಿಂದ ಮೇಲಕ್ಕೆ ಹೋದಾಗ ಅದರ ಮೇಲಿನ ಹಿಡಿತವೂ ಮೇಲಕ್ಕೆ ಹೋಯ್ತು. ಭ್ರಷ್ಟಾಚಾರ ಕಡಿಮೆ ಆಗೋ ಬದಲು ಜಾಗ ಬದಲಾಯಿಸಿತು. ಬೆಂಗಳೂರಿನ ಸುತ್ತ ದೊಡ್ಡ ಪ್ರಮಾಣದಲ್ಲಿ ಜಮೀನು ಬೇಕಾದವರಿಗೆ, ಯಾರ ಜಮೀನು ಎಲ್ಲಿದೆ ಅಂತ ಒಂದೇ ಕಡೆ ಕಾಣೋದು ಅನುಕೂಲವಾಯ್ತು. ಇದು ಅವರ ವಾದ.

ಈ ವಾದವನ್ನು ಪೂರ್ತಿ ಒಪ್ಪಬೇಕು ಅಂತಿಲ್ಲ. ಆದರೆ ಒಂದು ಅಂಶವನ್ನು ತಳ್ಳಿಹಾಕೋ ಹಾಗಿಲ್ಲ. ಮಾಹಿತಿ ಎಲ್ಲರಿಗೂ ತೆರೆದಿದೆ ಅಂದ ಮಾತ್ರಕ್ಕೆ ಎಲ್ಲರಿಗೂ ಅದರಿಂದ ಒಂದೇ ಸಮ ಉಪಯೋಗ ಆಗಲ್ಲ. ಎರಡು ಎಕರೆ ರೈತ ತನ್ನ ಒಂದು ಪಹಣಿ ನೋಡ್ತಾನೆ. ಇನ್ನೂರು ಎಕರೆ ಜೋಡಿಸಬೇಕಾದವನು ಇಡೀ ಊರಿನ ಪಹಣಿ ನೋಡ್ತಾನೆ. ಯಾರಿಗೆ ಸಾಲ ಇದೆ, ಯಾರ ಖಾತೆ ಸತ್ತವರ ಹೆಸರಲ್ಲೇ ಉಳಿದಿದೆ, ಯಾವ ಸರ್ವೆ ನಂಬರಿನಲ್ಲಿ ಪಾಲುದಾರರು ಜಾಸ್ತಿ, ಎಲ್ಲ ಗೊತ್ತಾಗುತ್ತೆ. ನಾವು ದುಡಿಯೋ ಎಷ್ಟೋ ಟೆಕ್ ಪಾರ್ಕುಗಳೂ ಒಂದು ಕಾಲಕ್ಕೆ ಯಾರದೋ ಸರ್ವೆ ನಂಬರುಗಳೇ ಅನ್ನೋದೂ ನೆನಪಿರಲಿ.

ಹೈದರಾಬಾದಿನಲ್ಲಿ ಇರೋರು ಇದೇ ಕಥೆಯ ಇನ್ನೊಂದು ರೂಪ ಕಂಡಿದ್ದೀರಿ. ತೆಲಂಗಾಣ 2020ರ ಸೆಪ್ಟೆಂಬರಿನಲ್ಲಿ ಗ್ರಾಮ ಕಂದಾಯ ಅಧಿಕಾರಿಯ ಹುದ್ದೆಯನ್ನೇ ರದ್ದು ಮಾಡಿತು. ಅಕ್ಟೋಬರ್ 29ಕ್ಕೆ ಧರಣಿ ಪೋರ್ಟಲ್ ಬಂತು. ನೋಂದಣಿ ಮತ್ತು ಖಾತೆ ಬದಲಾವಣೆ ಒಟ್ಟಿಗೇ ಆಗೋದು ಒಳ್ಳೆಯ ಯೋಚನೆ. ಆದರೆ ಹಳೆಯ ದಾಖಲೆಯ ತಪ್ಪು ಹೊಸ ಪೋರ್ಟಲಿಗೆ ಹಾಗೇ ಬಂದಾಗ, ತಿದ್ದೋಕೆ ಊರಲ್ಲಿ ಯಾರೂ ಇಲ್ಲ. ಮಂಡಲ ಕಚೇರಿಗೆ ಹೋದರೆ "ನಮ್ಮ ಲಾಗಿನ್‌ನಲ್ಲಿ ಆ ಆಯ್ಕೆ ಇಲ್ಲ" ಅನ್ನೋ ಉತ್ತರ. ಪಟ್ಟಾ ಪುಸ್ತಕದಲ್ಲಿ ಹೆಸರಿಲ್ಲ ಅಂದರೆ ರೈತುಬಂಧು ಹಣವೂ ಇಲ್ಲ. ಕಣ್ಣೆದುರು ಹೊಲ ಇದೆ, ಪರದೆ ಮೇಲೆ ಇಲ್ಲ. ಈ ದೂರುಗಳು ಚುನಾವಣೆಯ ವಿಷಯವೇ ಆದವು. 2025ರಲ್ಲಿ ಧರಣಿಯ ಜಾಗಕ್ಕೆ ಭೂಭಾರತಿ ಬಂತು.

ಇಲ್ಲಿ ಕಳೆದುಹೋಗಿದ್ದು ಒಂದು ಬಗೆಯ ತಿಳಿವಳಿಕೆ. "ಇವನು ಇಂಥವರ ಮಗ, ಈ ಹೊಲ ಇವರದೇ, ಹೆಸರು ಬರೆಯುವಾಗ ತಪ್ಪಾಗಿದೆ ಅಷ್ಟೇ" ಅಂತ ಹೇಳಬಲ್ಲ ಮನುಷ್ಯನ ತಿಳಿವಳಿಕೆ. ಡೇಟಾಬೇಸಿಗೆ ಹೆಸರಿನ ಕಾಗುಣಿತ ಗೊತ್ತು, ಮನುಷ್ಯ ಗೊತ್ತಿಲ್ಲ. ಶಾನುಭೋಗರ ಹಿಡಿತ ಹೋಗಲಿ ಅಂತ ಬಯಸಿದ್ದು ಸರಿಯೇ. ಆದರೆ ಅವರ ನೆನಪು ಹೋದ ಜಾಗಕ್ಕೆ ನಾವು ಏನನ್ನೂ ತಂದಿಡಲಿಲ್ಲ.

ಒಬ್ಬ ನಿವೃತ್ತ ನ್ಯಾಯಮೂರ್ತಿಯ ಪ್ರಶ್ನೆ

ಇಲ್ಲಿವರೆಗೆ ಬರೆಯೋರ ಮಾತಾಯ್ತು. ಇನ್ನು ಓದೋರ ಮಾತು, ಅಂದರೆ ಖಾಸಗಿತನದ ಮಾತು.

ಇದರಲ್ಲಿ ಕರ್ನಾಟಕದ ಹೆಸರು ಬಹಳ ದೊಡ್ಡದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರ ವಯಸ್ಸು 86. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಅಂತ ಕೇಂದ್ರ ಸರ್ಕಾರ ವಾದ ಮಾಡಿತು. ಅದಕ್ಕೆ ಆಧಾರವಾಗಿ 1954ರ ಎಂಟು ನ್ಯಾಯಮೂರ್ತಿಗಳ ಪೀಠದ ಮತ್ತು 1962ರ ಆರು ನ್ಯಾಯಮೂರ್ತಿಗಳ ಪೀಠದ ತೀರ್ಪುಗಳನ್ನು ತೋರಿಸಿತು. ಎಂಟು ಜನರ ತೀರ್ಪನ್ನು ಮೀರಬೇಕಾದರೆ ಒಂಬತ್ತು ಜನ ಕೂರಬೇಕು. ಕೂತರು. 2017ರ ಆಗಸ್ಟ್ 24ರಂದು ಒಂಬತ್ತೂ ಜನ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. 2018ರಲ್ಲಿ ಬಂದ ಆಧಾರ್ ತೀರ್ಪು ಯೋಜನೆಯನ್ನು ಉಳಿಸಿತು, ಆದರೆ ಖಾಸಗಿ ಕಂಪನಿಗಳು ಆಧಾರ್ ಕೇಳೋದಕ್ಕೆ ದಾರಿ ಮಾಡಿದ್ದ ಭಾಗಕ್ಕೆ ಕತ್ತರಿ ಹಾಕಿತು.

ಇದರ ಪಕ್ಕದಲ್ಲಿ ಇನ್ನೊಂದು ಇಸವಿ ಇಟ್ಟು ನೋಡಿ. 1978ರ 44ನೇ ತಿದ್ದುಪಡಿ ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆಯಿತು. ಅದೀಗ 300ಎ ವಿಧಿಯಡಿ ಬರೋ ಸಾಂವಿಧಾನಿಕ ಹಕ್ಕು. ಅಂದರೆ ನಿಮ್ಮ ಜಮೀನಿನ ಮೇಲಿರೋ ಹಕ್ಕಿಗಿಂತ, ನಿಮ್ಮ ಬಗೆಗಿನ ಮಾಹಿತಿಯ ಮೇಲಿರೋ ಹಕ್ಕಿಗೆ ಸಂವಿಧಾನದಲ್ಲಿ ಇವತ್ತು ಮೇಲಿನ ಸ್ಥಾನ. ಪಹಣಿಯಲ್ಲಿ ಇವೆರಡೂ ಒಂದೇ ಹಾಳೆಯಲ್ಲಿ ಕೂತಿವೆ.

ಇದು ಕೋರ್ಟಿನ ಸೂಕ್ಷ್ಮ ಅಷ್ಟೇ ಅಂದುಕೊಳ್ಳಬೇಡಿ. 2018ರಲ್ಲಿ ತೆಲಂಗಾಣದ ಪೆದ್ದಪಲ್ಲಿ ಜಿಲ್ಲೆಯಲ್ಲಿ ಒಂದು ಪ್ರಕರಣ ಸಿಕ್ಕಿತು. ನೋಂದಣಿ ಇಲಾಖೆಯ ಜಾಲತಾಣದಿಂದ ಜಮೀನಿನ ಪತ್ರಗಳನ್ನು ಇಳಿಸಿಕೊಂಡು, ಅವುಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ರಬ್ಬರಿನ ಮೇಲೆ ಮೂಡಿಸಿ, ಅದರಿಂದ ಸಾವಿರಾರು ಸಿಮ್ ಚಾಲೂ ಮಾಡಲಾಗಿತ್ತು. 2023ರಲ್ಲಿ ಮಂಗಳೂರು ಕಡೆಯೂ ದೂರುಗಳು ಬಂದವು. ಆಸ್ತಿ ನೋಂದಣಿ ಮಾಡಿಸಿ ಬಂದವರ ಬ್ಯಾಂಕ್ ಖಾತೆಯಿಂದ, ಒಟಿಪಿ ಇಲ್ಲದೆ, ಆಧಾರ್ ಬೆರಳಚ್ಚಿನ ಪಾವತಿ ದಾರಿಯಲ್ಲಿ ಹಣ ಹೋಗಿತ್ತು. ಪತ್ರದ ಮೇಲಿನ ಬೆರಳಚ್ಚನ್ನು ಮರೆಮಾಡಬೇಕು ಅನ್ನೋ ಮಾತು ಆಮೇಲೆ ಬಂತು.

ಹೆಬ್ಬೆಟ್ಟು ಒತ್ತೋದು ನಮ್ಮ ಕಡೆ ಎಷ್ಟು ಹಳೆಯದು! ಸಹಿ ಬಾರದವರ ಗುರುತು ಅದು. ಪತ್ರ ಕಚೇರಿಯ ಕಪಾಟಿನಲ್ಲಿ ಇರೋವರೆಗೆ ಅದರಿಂದ ಅಪಾಯ ಇರಲಿಲ್ಲ. ಯಾರು ಬೇಕಾದರೂ ಇಳಿಸಿಕೊಳ್ಳೋ ಹಾಗಾದ ದಿನ ಅದೇ ಗುರುತು ಕದ್ದ ಕೀಲಿಕೈ ಆಯ್ತು. ದಾಖಲೆಯಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಅದನ್ನ ಓದೋರು ಬದಲಾಗಿದ್ದರು, ಅಷ್ಟೇ.

ಹಾಗಾದರೆ ಮುಚ್ಚಿಬಿಡೋಣವೇ?

ಬೇಡ. ಪಹಣಿಯನ್ನು ಮತ್ತೆ ಬೀಗದೊಳಗೆ ಇಟ್ಟರೆ ನಾವು ವಾಪಸು ಹೋಗೋದು ಮೋಡಿ ಅಕ್ಷರದ ಕಾಲಕ್ಕೆ. ಊರಿನ ಗೋಮಾಳ ಯಾರ ಹೆಸರಿಗೆ ಹೋಗಿದೆ, ಕೆರೆಯ ಅಂಗಳಕ್ಕೆ ಯಾರ ಖಾತೆ ಆಗಿದೆ, ಇದೆಲ್ಲ ಹೊರಗೆ ಬರೋದು ದಾಖಲೆ ತೆರೆದಿರೋದರಿಂದಲೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಜೊತೆಯಲ್ಲೇ ಮಾಹಿತಿ ಹಕ್ಕು ಕಾಯ್ದೆಯ ಒಂದು ಉಪಕಲಮನ್ನೂ ತಿದ್ದುತ್ತೆ. ವೈಯಕ್ತಿಕ ಮಾಹಿತಿ ಅಂತ ಹೇಳಿ ಉತ್ತರ ನಿರಾಕರಿಸೋಕೆ ಅದು ದಾರಿ ಅಗಲ ಮಾಡುತ್ತೆ ಅನ್ನೋ ಆತಂಕ ಅನೇಕರಿಗಿದೆ. ಖಾಸಗಿತನದ ಹೆಸರಲ್ಲಿ ಭ್ರಷ್ಟರು ಅಡಗಿಕೊಳ್ಳಬಾರದು.

ನನಗೆ ಕಾಣೋ ದಾರಿ ಬೇರೆ. ಓದು ತೆರೆದಿರಲಿ, ಆದರೆ ಓದಿದವರ ಗುರುತೂ ಉಳಿಯಲಿ. ಎಸ್ಟೋನಿಯಾದಲ್ಲಿ ಜನಸಂಖ್ಯಾ ನೋಂದಣಿಯಲ್ಲಿರೋ ತನ್ನ ಮಾಹಿತಿಯನ್ನು ಯಾವ ಸಂಸ್ಥೆ ಯಾವಾಗ ನೋಡಿತು ಅಂತ ಪ್ರಜೆ ತಾನೇ ನೋಡಬಹುದು. ಆಡಿಟ್ ಲಾಗ್ ಇಲ್ಲದ ಸಿಸ್ಟಮ್ಮನ್ನು ನಿಮ್ಮ ಆಫೀಸಿನಲ್ಲಿ ಯಾರೂ ಒಪ್ಪಲ್ಲ. ಭೂಮಿಯಲ್ಲಿ ಅಧಿಕಾರಿಯ ಲಾಗ್ ಮೊದಲಿಂದ ಇದೆ. ಅದರ ಇನ್ನೊಂದು ತುದಿ ಜಮೀನಿನವರ ಕೈಗೂ ಬರಲಿ. ಇಡೀ ಊರಿನ ಪಹಣಿಯನ್ನು ಒಬ್ಬನೇ ಜಾಲಾಡಿದ್ದಾನೆ ಅಂದರೆ ಊರಿಗೆ ಅದು ಗೊತ್ತಾಗಲಿ.

ಬರೆಯೋ ಕಡೆ ಇನ್ನೂ ಹತ್ತಿರದ ವಿಷಯ ಇದೆ. ಖಾತೆ ಬದಲಾಯಿಸೋಕೆ ಮೊದಲು ಆಕ್ಷೇಪಣೆ ಕೇಳೋ ನೋಟಿಸು ಊರ ಚಾವಡಿಯಲ್ಲಿ ಅಂಟಿಸೋದು ಹಳೆಯ ಪದ್ಧತಿ. ಎಲ್ಲರೂ ಊರಲ್ಲೇ ಇದ್ದ ಕಾಲದ ಕಾನೂನು ಅದು. ಈಗ ನೋಂದಾಯಿತ ವ್ಯವಹಾರಗಳಿಗೆ ಆ ಅವಧಿಯನ್ನೂ ಕಡಿಮೆ ಮಾಡಿದ್ದಾರೆ. ನಾವಿರೋದು ಹಿಂಜವಡಿಯಲ್ಲಿ, ಗಚ್ಚಿಬೌಲಿಯಲ್ಲಿ. ಚಾವಡಿಯ ಗೋಡೆ ನಮಗೆ ಕಾಣಲ್ಲ. ನೋಟಿಸು ನಮ್ಮ ಫೋನಿಗೆ ಬರಬೇಕು ಅಂತ ಗಟ್ಟಿಯಾಗಿ ಕೇಳಬೇಕಾದವರು ನಾವೇ.

ಅಲ್ಲೀವರೆಗೆ ಮಾಡಬಹುದಾದ ನಾಲ್ಕು ಕೆಲಸ ಹೇಳಿ ಮುಗಿಸ್ತೀನಿ. ವರ್ಷಕ್ಕೆ ಎರಡು ಸಲ ಪಹಣಿ ತೆಗೆದು 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲ ಮತ್ತು ಋಣ, 12ರಲ್ಲಿ ಸಾಗುವಳಿದಾರರ ಹೆಸರು ನೋಡಿಕೊಳ್ಳಿ. ಜೊತೆಗೆ ಒಂದು ಋಣಭಾರ ಪತ್ರವನ್ನೂ ತೆಗೆಸಿ. ಅಪ್ಪ ಅಮ್ಮ ತೀರಿಕೊಂಡಿದ್ದು ಖಾತೆ ಇನ್ನೂ ಅವರ ಹೆಸರಲ್ಲೇ ಇದ್ದರೆ, ಪೌತಿ ಖಾತೆಯನ್ನು ಮುಂದಿನ ಹಬ್ಬಕ್ಕೆ, ಮುಂದಿನ ರಜೆಗೆ ಅಂತ ತಳ್ಳಬೇಡಿ. ಆಧಾರಿನ ಬಯೋಮೆಟ್ರಿಕ್ಕಿಗೆ ಬೀಗ ಹಾಕಿಡಿ, ಬೇಕಾದಾಗ ಮಾತ್ರ ತೆಗೆಯಿರಿ. ಇವು ಪರದೆಯ ಕೆಲಸಗಳು.

ನಾಲ್ಕನೆಯದು ಪರದೆಯಲ್ಲಿ ಆಗೋದಲ್ಲ. ಹೊಲದ ಬದು ಎಲ್ಲಿದೆ, ಬಾವಿಯ ಪಾಲು ಯಾರಿಗೆ, ದಾರಿ ಎಲ್ಲಿಂದ ಬಿಟ್ಟಿದ್ದು, ಯಾವ ಮಾತು ಯಾವ ಹಿರಿಯರ ಮುಂದೆ ಆಗಿತ್ತು, ಇದೆಲ್ಲ ನಿಮ್ಮ ದೊಡ್ಡಪ್ಪನಿಗೋ, ಸೋದರಮಾವನಿಗೋ, ಊರಿನ ಒಬ್ಬ ಅಜ್ಜನಿಗೋ ಗೊತ್ತಿರುತ್ತೆ. ಅವರನ್ನು ಕೂರಿಸಿ, ಕೇಳಿ, ಬರೆದಿಟ್ಟುಕೊಳ್ಳಿ. ಯಾವ ಸರ್ವರಿನಲ್ಲೂ ಅದರ ಬ್ಯಾಕಪ್ ಇಲ್ಲ.

ನಿಮ್ಮ ಊರಿನ ಪಹಣಿ ಕಥೆ ಏನಿದೆ, ಬರೆದು ತಿಳಿಸಿ.